ಮೂರು ನೀರು

ಒಡತಿ ಟ್ರೇ ಒಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೆರಳುಬಲೆಯ ಅಂಚಿಗೆ ಬಂದು ಬಿಸಿಲಿಗೆ ಹಿಡಿದಳು. ತೊಂಬತ್ತೆಂಟು ಗುಳಿ, ಗುಳಿಗೊಂದು ಟೊಮೆಟೊ ಸಸಿ. ಹದಿನಾಲ್ಕು ದಿನದ ಸಸಿ ಬೆರಳುದ್ದ ಬೆಳೆದು ನಿಂತಿರಬೇಕಾಗಿತ್ತು. ಇವು ಉಗುರಿನಷ್ಟು ಎದ್ದು ಅಲ್ಲೇ ಮುದುಡಿಕೊಂಡಿದ್ದವು. ಎಲೆಯ ಅಂಚು ಸುತ್ತಲೂ ಕಂದಿ, ಒಲೆಯ ಪಕ್ಕ ಮರೆತಿಟ್ಟ ಕಾಗದದ ಹಾಗಾಗಿತ್ತು. ಒಡತಿ ಒಂದು ಸಸಿಯನ್ನು ಹಿಡಿದು ಮೆಲ್ಲಗೆ ಎಳೆದಳು. ಬೆಳ್ಳಗಿರಬೇಕಾದ ಬೇರಿನ ತುದಿ ಕಂದುಬಣ್ಣಕ್ಕೆ ತಿರುಗಿತ್ತು.

"ಎಷ್ಟು ಟ್ರೇ ಹೀಗಾಗಿದೆ?" ಎಂದಳು, ಯಾರ ಮುಖವನ್ನೂ ನೋಡದೆ.

"ಎಲ್ಲಾನೂ ಮೇಡಂ. ನಾನೂರೂ," ಎಂದಳು ಬೀಜದಕ್ಕ.

ಆ ನರ್ಸರಿಯಲ್ಲಿ ಹನ್ನೊಂದು ವರ್ಷದಿಂದ ಗುಳಿಗೊಂದರಂತೆ ಬೀಜ ಊರುತ್ತ ಬಂದವಳು ಅವಳು. ಬೆರಳ ತುದಿಗೆ ನೀರು ಹಚ್ಚಿಕೊಂಡು ಬೀಜವನ್ನು ಎತ್ತಿ ಗುಳಿಗೆ ಬಿಡುವುದರಲ್ಲಿ ಅವಳ ಕೈಯನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಬೀಜದಕ್ಕ. ಈಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಸಸಿಗೆ ಏನಾಗಿದೆ ಎಂದು ಅವಳಿಗೆ ಗೊತ್ತಿತ್ತು. ಉಪ್ಪು ತಿಂದು ಸುಟ್ಟಿವೆ. ಆ ಉಪ್ಪು ಎಲ್ಲಿಂದ ಬಂತೆಂದೂ ಅಲ್ಲಿ ನಿಂತಿದ್ದ ಆರೇಳು ಜನರ ಪೈಕಿ ಅವಳೊಬ್ಬಳಿಗೇ ಗೊತ್ತಿತ್ತು.

ಸಸಿಗೆ ಉಪ್ಪು ಎರಡು ದಾರಿಯಿಂದ ಬರಬಹುದು. ಒಂದು, ಗೊಬ್ಬರದ ನೀರು ಗಟ್ಟಿಯಾದರೆ. ಇನ್ನೊಂದು, ಕೋಕೋಪೀಟಿನಿಂದ. ತೆಂಗಿನ ನಾರಿನ ಈ ಪುಡಿ ನೋಡಲು ಮಣ್ಣಿನ ಹಾಗೆ, ಮುಟ್ಟಿದರೆ ಮಣ್ಣಲ್ಲ. ಎಲ್ಲೋ ಸಮುದ್ರದ ದಡದಲ್ಲಿ ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು ನಾರು ಬಿಡಿಸಿಕೊಂಡು, ಉಳಿದ ಪುಡಿಯನ್ನು ಒಣಗಿಸಿ ಇಟ್ಟಿಗೆಯಂತೆ ಒತ್ತಿ ಲಾರಿಗೆ ಹೇರುತ್ತಾರೆ. ತೊಟ್ಟಿಗೆ ಹಾಕಿ ನೀರು ಬಿಟ್ಟರೆ ಐದು ಪಾಲು ಉಬ್ಬುತ್ತದೆ. ಹಗುರ, ಬೇರಿಗೆ ಹಿತ, ತೇವವನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಇರುವ ಐಬು ಒಂದೇ, ಸಮುದ್ರವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ. ತೊಟ್ಟಿ ತುಂಬಿಸಿ, ನೆನೆಸಿ, ಅಡಿಯ ತೂಬಿನಿಂದ ಬಸಿದುಬಿಡಬೇಕು. ಹಾಗೆ ಒಮ್ಮೆ ತುಂಬಿಸಿ ಬಸಿದರೆ ಅದಕ್ಕೆ ಒಂದು ನೀರು ಎನ್ನುತ್ತಾರೆ. ಒಂದು ಲಾರಿಯ ಪುಡಿಗೆ ಎರಡು ನೀರು ಸಾಕಾದರೆ ಇನ್ನೊಂದಕ್ಕೆ ಆರು ನೀರು ಬೇಕಾಗಬಹುದು. ಸಾಕೋ ಬೇಕೋ ಎಂದು ಹೇಳಲು ಬೇರೆ ಕಡೆಯೆಲ್ಲ ಮೀಟರ್ ಇರುತ್ತದೆ. ಇಲ್ಲಿ ಅದಕ್ಕೆ ಉಪ್ಪಣ್ಣ ಇದ್ದ.

ಉಪ್ಪಣ್ಣ ಬೀಜದಕ್ಕನ ಗಂಡ. ಬಸಿದ ನೀರಿಗೆ ತೋರುಬೆರಳು ಅದ್ದಿ, ನಾಲಿಗೆಯ ಮೇಲಿಟ್ಟು, ಕಣ್ಣುಮುಚ್ಚಿ, "ಇನ್ನೊಂದು ನೀರು" ಎಂದೋ "ಸಾಕು" ಎಂದೋ ಹೇಳುತ್ತಿದ್ದ. ಒಡತಿಯ ಹತ್ತಿರ ಹಿಂದೆ ಒಂದು ಮೀಟರ್ ಇತ್ತು. ಅದು ಒಂದು ಹೇಳಿದರೆ ಅವನ ನಾಲಿಗೆಯೂ ಅದನ್ನೇ ಹೇಳುತ್ತಿತ್ತು. ಒಂದು ದಿನ ಮೀಟರ್ ಕೈಜಾರಿ ತೊಟ್ಟಿಗೆ ಬಿದ್ದು ಸತ್ತಾಗ, "ಇನ್ನೊಂದು ಯಾಕೆ, ನೀವಿದ್ದೀರಲ್ಲ" ಎಂದು ಅವಳು ನಕ್ಕಿದ್ದಳು. ಆ ಮಾತನ್ನು ಅವನು ಮನೆಗೆ ಬಂದು ಹೆಂಡತಿಗೆ ನಾಲ್ಕು ಸಲ ಹೇಳಿದ್ದ.

ಹೇಳದೆ ಏನು ಮಾಡಿಯಾನು? ಐವತ್ತು ವರ್ಷವಾಗುವವರೆಗೆ ಅವನನ್ನು ಯಾರೂ ಯಾವುದಕ್ಕೂ ಕೇಳಿದವರಲ್ಲ. ಹತ್ತಿ ಗಿರಣಿಯಲ್ಲಿ ಮೂಟೆ ಹೊತ್ತ, ಗಿರಣಿ ಮುಚ್ಚಿತು. ಗೋದಾಮಿನ ಕಾವಲು ಕಾದ, ಗೋದಾಮು ಮಾರಿಹೋಯಿತು. ಹೋದಲ್ಲೆಲ್ಲ 'ಏಯ್', 'ಇವನೇ', 'ಅಲ್ಲಿರೋನೇ' ಎಂದು ಕರೆಸಿಕೊಂಡವನಿಗೆ ಇಲ್ಲಿ ಒಂದು ಹೆಸರು ಬಂತು. ಬೇರೆ ನರ್ಸರಿಗಳವರು ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದು, "ಉಪ್ಪಣ್ಣ, ಸ್ವಲ್ಪ ನೋಡಿ" ಎಂದು ಮುಂದೆ ನಿಲ್ಲುತ್ತಿದ್ದರು. ಅಂಥ ದಿನ ಒಡತಿ ಅವನಿಗೆ ಆಫೀಸಿನ ಕುರ್ಚಿ ಹೊರಗೆ ಹಾಕಿಸುತ್ತಿದ್ದಳು. ಅವನು ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಬಾಟಲಿಯ ಮುಚ್ಚಳ ತೆಗೆಯುವ ರೀತಿ ನೋಡಿದರೆ ದೊಡ್ಡ ಡಾಕ್ಟರೂ ನಾಚಬೇಕು.

ಚಳಿಗಾಲದಲ್ಲಿ ಅವನಿಗೊಂದು ಜ್ವರ ಬಂತು. ಹತ್ತು ದಿನ ಹಾಸಿಗೆ ಹಿಡಿದು ಎದ್ದ. ಎದ್ದ ವಾರದಲ್ಲಿ ಒಂದು ಸಂಜೆ ಬೀಜದಕ್ಕ ಏನೋ ಯೋಚನೆಯಲ್ಲಿ ಬೇಯಿಸಿದ ಆಲೂಗಡ್ಡೆಗೆ ಎರಡು ಸಲ ಉಪ್ಪು ಹಾಕಿಬಿಟ್ಟಳು. ತಾನು ಒಂದು ತುತ್ತು ಬಾಯಿಗಿಟ್ಟು ಉಗುಳಲು ಹೋಗುವಷ್ಟರಲ್ಲಿ, ಎದುರಿಗೆ ಕೂತವನು ತಟ್ಟೆ ಖಾಲಿ ಮಾಡಿ, "ಚೆನ್ನಾಗಿದೆ" ಎಂದು ಕೈತೊಳೆಯಲು ಎದ್ದ. ಅವಳು ಬಾಯಿಯೊಳಗಿನದನ್ನು ನುಂಗಿದಳು. ಊಟದಲ್ಲಿ ಒಂದು ಹರಳು ಹೆಚ್ಚಾದರೆ ಮೂರು ದಿನ ಆಡಿಕೊಳ್ಳುತ್ತಿದ್ದ ಮನುಷ್ಯ ಅವನು.

ಮರುದಿನ ಮೈಯೆಲ್ಲ ಕಣ್ಣಾಗಿ ನೋಡಿದಳು. ತೊಟ್ಟಿಯ ಹತ್ತಿರ ಅವನು ಎಂದಿನಂತೆ ಬೆರಳು ಅದ್ದಿದ, ನಾಲಿಗೆಯ ಮೇಲಿಟ್ಟ, ಕಣ್ಣುಮುಚ್ಚಿದ. "ಇನ್ನೊಂದು ನೀರು" ಎಂದ. ಮತ್ತೆ ಅದೇ. ಮೂರನೆಯದಾದ ಮೇಲೆ "ಸಾಕು" ಎಂದ. ಅವನು ಅತ್ತ ಹೋದೊಡನೆ ಇವಳು ಹೋಗಿ ಒಂದು ಹಿಡಿ ಪುಡಿ ಹಿಂಡಿ ನೆಕ್ಕಿದಳು. ಸಾಕಾಗಿರಲಿಲ್ಲ. ಉಪ್ಪು ನಾಲಿಗೆಗೆ ಹತ್ತಿತು. ಅದರ ಮುಂದಿನ ವಾರವೂ ಮೂರು ನೀರು. ಅದರ ಮುಂದಿನ ವಾರವೂ ಮೂರೇ. ಹಿಂದೆಲ್ಲ ಅವನ ಲೆಕ್ಕ ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುತ್ತಿರಲಿಲ್ಲ. ಗಂಡನಿಗೆ ನಾಲಿಗೆ ಹೋಗಿದೆ, ಅದನ್ನು ಮುಚ್ಚಿಟ್ಟುಕೊಂಡು ಎಣಿಕೆಯ ಮೇಲೆ ದಿನ ತಳ್ಳುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು.

ಹೇಳಿಬಿಡಬೇಕಿತ್ತು. ಆ ಹೊತ್ತಿಗೇ ಹೇಳಿದ್ದರೆ ಒಂದು ಸಂಜೆಯ ಅಳುವಿನಲ್ಲಿ ಮುಗಿಯುತ್ತಿತ್ತು. ಆದರೆ ಅವನು ಕುರ್ಚಿಯ ತುದಿಯಲ್ಲಿ ಕೂರುವುದನ್ನು ನೋಡಿದವಳಿಗೆ ಬಾಯಿ ಬರಲಿಲ್ಲ. ಅವಳು ಬೇರೆ ಉಪಾಯ ಮಾಡಿದಳು. ಉಪ್ಪು ಹತ್ತಿದ ಆ ಮೊದಲ ದಿನದಿಂದಲೇ, ಸಂಜೆ ಎಲ್ಲರೂ ಹೊರಟ ಮೇಲೆ, ಬೀಜದ ಮನೆ ಗುಡಿಸಿ ಬರುತ್ತೇನೆ ಎಂದು ಹಿಂದೆ ಉಳಿದುಕೊಳ್ಳತೊಡಗಿದಳು. ಅವನು ಮುಗಿಸಿಟ್ಟ ತೊಟ್ಟಿಗೆ ಮತ್ತೆ ನೀರು ಬಿಟ್ಟು, ಮತ್ತೆ ಬಸಿದು, ಹಿಂಡಿ ನೆಕ್ಕಿ ನೋಡಿ, ಬೇಕಾದರೆ ಇನ್ನೊಮ್ಮೆ ತೊಳೆದು, ಮೊಣಕೈವರೆಗೆ ಒದ್ದೆಯಾಗಿ ಮನೆಗೆ ಬರುತ್ತಿದ್ದಳು. ಬೆಳಿಗ್ಗೆ ನೋಡಿದರೆ ಒದ್ದೆ ಪುಡಿ ಒದ್ದೆ ಪುಡಿಯೇ. ಯಾರಿಗೆ ಏನು ಗೊತ್ತಾಗಬೇಕು?

ಹೀಗೆ ನಾಲ್ಕು ತಿಂಗಳು ನಡೆಯಿತು. ಮೊದಲ ತಿಂಗಳು ಅವನು ಹೊಸ ಸಸಿಗಳ ಹತ್ತಿರ ಹೋಗಲು ಹೆದರುತ್ತಿದ್ದ. ರಾತ್ರಿ ಮಗ್ಗುಲು ಬದಲಿಸುತ್ತಿದ್ದ. ಒಂದೊಂದೇ ತಂಡ ಸಸಿ ಹಸಿರಾಗಿ ಎದ್ದು ಬರುತ್ತಿದ್ದಂತೆ ಅವನ ಮುಖ ತಿಳಿಯಾಯಿತು. ಶಿಳ್ಳೆ ಹಾಕುವುದನ್ನು ಮತ್ತೆ ಶುರುಮಾಡಿದ. ಅವನು ಶಿಳ್ಳೆ ಹಾಕಿದಾಗಲೆಲ್ಲ ಬೀಜದಕ್ಕನಿಗೆ ತನ್ನ ಬೆನ್ನುನೋವು ಕಡಿಮೆಯಾದಂತೆನಿಸುತ್ತಿತ್ತು.

ಆಮೇಲೆ ಅವಳ ಅಕ್ಕ ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡಳು. ಹೋಗದೆ ಇರಲಾಗಲಿಲ್ಲ. ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಂದಳು. ಬರುವಷ್ಟರಲ್ಲಿ ಹೊಸ ಲಾರಿಯ ಪುಡಿ ತೊಳೆದು, ಟ್ರೇ ತುಂಬಿ, ನಾನೂರೂ ಟ್ರೇಗೆ ಬೇರೆಯವರ ಕೈಯಲ್ಲಿ ಬೀಜ ಬಿದ್ದಾಗಿತ್ತು.

"ಎಷ್ಟು ನೀರು ಕೊಟ್ರಿ?" ಎಂದು ಕೇಳಿದ್ದಳು, ಬುತ್ತಿಯ ಡಬ್ಬಿ ತೊಳೆಯುತ್ತ.

"ಯಾವಾಗ್ಲೂ ಕೊಡೋಷ್ಟೇ. ಯಾಕೆ?"

"ಸುಮ್ನೆ ಕೇಳ್ದೆ."

ಸುಮ್ಮನೆ ಕೇಳಿದವಳು ಸುಮ್ಮನೇ ಇದ್ದುಬಿಟ್ಟಳು. ಈ ಪುಡಿಗೆ ಮೂರು ಸಾಕಾಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಮೊಳಕೆ ಎರಡು ದಿನ ತಡವಾದಾಗ ಬೀಜ ಹಳೆಯದಿರಬೇಕು ಎಂದುಕೊಂಡಳು. ಮೊಳಕೆ ಬಂದರೂ ಮೇಲೇಳದಾಗ ಮೋಡ ಕವಿದಿದೆ, ಬಿಸಿಲು ಬಂದರೆ ಎದ್ದಾವು ಎಂದುಕೊಂಡಳು. ಹೀಗೆ ಅಂದುಕೊಳ್ಳುತ್ತಲೇ ಹದಿನಾಲ್ಕು ದಿನ ಕಳೆದಿತ್ತು.

ಒಡತಿ ಟ್ರೇ ಕೆಳಗಿಟ್ಟಳು. ಸಿಟ್ಟು ಬಂದಾಗ ಅವಳ ದನಿ ಏರುವುದಿಲ್ಲ, ಇಳಿಯುತ್ತದೆ. ಅದಕ್ಕೇ ಎಲ್ಲರಿಗೂ ಹೆದರಿಕೆ.

"ಉಪ್ಪಣ್ಣ, ಪುಡಿ ಹೇಗಿತ್ತು?"

"ಶುದ್ಧವಾಗಿತ್ತು ಮೇಡಂ." ಅವನು ಎದೆಯುಬ್ಬಿಸಲೂ ಇಲ್ಲ, ತಡವರಿಸಲೂ ಇಲ್ಲ. "ನಾನೇ ಮೂರು ನೀರು ಕೊಟ್ಟಿದೀನಿ, ನಾನೇ ನೋಡಿದೀನಿ. ಪುಡಿ ಮೇಲೆ ಸಂಶಯ ಬೇಡ."

ಬೀಜದಕ್ಕ ಅವನ ಮುಖವನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ನಾಲಿಗೆಯ ವಿಷಯ ಮುಚ್ಚಿಟ್ಟಿದ್ದ, ನಿಜ. ಆದರೆ ಮೂರು ನೀರಿನ ಮೇಲೆ ಅವನಿಗೆ ಪೂರಾ ನಂಬಿಕೆ ಬಂದುಬಿಟ್ಟಿತ್ತು. ನಾಲ್ಕು ತಿಂಗಳ ಹಸಿರು ಸಸಿಗಳು ಆ ನಂಬಿಕೆ ಕೊಟ್ಟಿದ್ದವು. ಅಷ್ಟೂ ಸಸಿಗಳನ್ನು ಬೆಳೆಸಿಕೊಟ್ಟವಳು ಅವಳೇ.

"ಹಾಗಾದ್ರೆ ಇನ್ನೇನು," ಎಂದು ಒಡತಿ ಗೊಬ್ಬರದ ಹುಡುಗಿಯ ಕಡೆ ತಿರುಗಿದಳು.

ಗೊಬ್ಬರದ ನೀರು ಬೆರೆಸುವ ಹುಡುಗಿ ಸೇರಿ ಆರು ತಿಂಗಳಾಗಿತ್ತು. ಹುಡುಗಿ ಎಂದರೂ ಮೂರು ವರ್ಷದ ಮಗುವಿನ ತಾಯಿ. ಮಗುವನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಯಾವ ಡ್ರಮ್ಮಿಗೆ ಎಷ್ಟು ಗ್ರಾಂ ಎಂಬುದನ್ನು ಕಾಗದದಲ್ಲಿ ಬರೆದರೆ ಒದ್ದೆಯಾಗುತ್ತದೆಂದು ಎಡ ಮುಂಗೈಯ ಒಳಮೈಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಳು. ಈಗ ಅದೇ ಕೈಯನ್ನು ಮುಂದೆ ಚಾಚಿದಳು.

"ಮೇಡಂ, ನೋಡಿ, ನಾನು ಬರೆದುಕೊಂಡಷ್ಟೇ ಹಾಕಿದೀನಿ..."

"ಇದು ಇವತ್ತಿಂದು. ಈ ಸಸಿಗೆ ಹಾಕಿದ ದಿನದ್ದು ಎಲ್ಲಿದೆ?"

ಆ ದಿನದ್ದು ಸ್ನಾನದಲ್ಲಿ ತೊಳೆದುಹೋಗಿತ್ತು. ಹುಡುಗಿ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬೈಬೇಡಿ ಮೇಡಂ," ಎಂದ ಉಪ್ಪಣ್ಣ, ಬಹಳ ಮೃದುವಾಗಿ. "ಚಿಕ್ಕವಳು. ಕೈ ತಪ್ಪಿರುತ್ತೆ. ಯಾರಿಗೆ ತಪ್ಪಲ್ಲ?"

ಬೀಜದಕ್ಕ ಮುಖ ತಿರುಗಿಸಿಕೊಂಡಳು. ಅವನ ಬೈಗುಳವನ್ನಾದರೂ ಸಹಿಸಬಹುದಿತ್ತು. ಈ ಒಳ್ಳೆಯತನವನ್ನು ಸಹಿಸಲಾಗಲಿಲ್ಲ.

"ಗೊಬ್ಬರದ ಕೋಣೆ ಬೀಗದಕೈ ಇಲ್ಲಿ ಕೊಡಮ್ಮ," ಎಂದಳು ಒಡತಿ. "ಇವತ್ತು ಸಂಜೆವರೆಗೆ ಇರು. ನಾಳೆಯಿಂದ ಬರೋದು ಬೇಡ."

ಊಟದ ಹೊತ್ತಿಗೆ ಹುಡುಗಿ ಬೀಜದ ಮನೆಯ ಮೂಲೆಯಲ್ಲಿ ಖಾಲಿ ಟ್ರೇಗಳ ಮೇಲೆ ಕೂತಿದ್ದಳು. ಬುತ್ತಿ ಬಿಚ್ಚಿರಲಿಲ್ಲ. ಬೀಜದಕ್ಕ ಪಕ್ಕದಲ್ಲಿ ಕೂತಳು. ಏನು ಮಾತಾಡಬೇಕೆಂದು ತಿಳಿಯದೆ, "ಊಟ ಮಾಡು" ಎಂದಳು.

"ಅಕ್ಕ, ಒಂದು ಹೇಳ್ಲಾ?" ಹುಡುಗಿಯ ದನಿ ಸಣ್ಣದಾಗಿತ್ತು. "ಆ ವಾರ ಮಗುಗೆ ಹುಷಾರಿರ್ಲಿಲ್ಲ. ನಿದ್ದೆ ಇರ್ಲಿಲ್ಲ ನಂಗೆ. ಡ್ರಮ್ಮಿಗೆ ಒಂದು ಸಲ ಹಾಕಿ, ಹಾಕಿದ್ದು ಮರೆತು, ಇನ್ನೊಂದು ಸಲ ಹಾಕ್ಬಿಟ್ನೇನೋ. ಬೆಳಿಗ್ಗೆಯಿಂದ ಅದೇ ಯೋಚ್ನೆ. ಮೊದ್ಲು ಇಲ್ಲ ಅನ್ನಿಸ್ತಿತ್ತು. ಈಗ ಹಾಕಿರೋ ಹಾಗೇ ನೆನಪಾಗ್ತಿದೆ. ನಾನೇ ಅಕ್ಕ. ನಾನೇ ಮಾಡಿದೀನಿ."

"ಇಲ್ಲಮ್ಮ."

"ಇಲ್ಲ ಅಂದ್ರೆ ಮತ್ತೆ ಯಾರು? ಉಪ್ಪಣ್ಣನ ನಾಲಿಗೆ ತಪ್ಪತ್ತಾ?"

ಹುಡುಗಿ ಇದನ್ನು ಕುಟುಕಲು ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು. ಬೀಜದಕ್ಕ ಎದ್ದಳು. ತೊಟ್ಟಿಯ ಕಡೆಗೆ ನಡೆದಳು.

ಉಪ್ಪಣ್ಣ ತೊಟ್ಟಿಯ ಕಟ್ಟೆಯ ಮೇಲೆ ಕೂತು ಊಟ ಮುಗಿಸಿ ನೀರು ಕುಡಿಯುತ್ತಿದ್ದ. ಸುಟ್ಟ ಆ ಸಸಿಗಳಿಗೆಂದು ತೊಳೆದು ಮಿಕ್ಕ ಪುಡಿಯನ್ನು ಗೋಡೆಯ ಪಕ್ಕ ಗುಡ್ಡೆ ಹಾಕಿ ತಾಡಪಾಲು ಹೊದಿಸಿದ್ದರು. ಅವಳು ತಾಡಪಾಲಿನ ಅಂಚು ಎತ್ತಿ, ಎರಡು ಹಿಡಿ ಪುಡಿಯನ್ನು ಚೊಂಬಿಗೆ ಹಾಕಿ, ಒಂದಿಷ್ಟು ನೀರು ಸುರಿದು ಕಲಸಿ, ಮುಷ್ಟಿಯಲ್ಲಿ ಹಿಂಡಿ ಇನ್ನೊಂದು ಅಂಗೈಗೆ ಬಸಿದುಕೊಂಡಳು. ನಾಲಿಗೆ ತಾಗಿಸಿದಳು. ಆಮೇಲೆ ಆ ಅಂಗೈಯನ್ನು ಗಂಡನ ಮುಂದೆ ಹಿಡಿದಳು.

"ಇದು ನೋಡಿ."

ಅವನು ಬೆರಳು ಅದ್ದಿದ. ಕಣ್ಣುಮುಚ್ಚಿದ. "ಸರಿಯಾಗಿದೆಯಲ್ಲ."

"ಉಪ್ಪಿದೆ ರೀ."

"ನಿಂಗೇನು ಗೊತ್ತು? ನನಗಿಂತ..."

"ಉಪ್ಪಿದೆ. ನಿಮಗೆ ಗೊತ್ತಾಗ್ತಿಲ್ಲ. ಜ್ವರ ಬಂದು ಹೋದಾಗಿಂದ ಗೊತ್ತಾಗ್ತಿಲ್ಲ."

ಅವನ ಬೆರಳು ಇನ್ನೂ ತುಟಿಯ ಹತ್ತಿರವೇ ಇತ್ತು. ಅದನ್ನು ಇಳಿಸಿ ಪ್ಯಾಂಟಿಗೆ ಒರೆಸಿಕೊಂಡ. ಸುತ್ತ ಯಾರಾದರೂ ಇದ್ದಾರೋ ಎಂದು ನೋಡಿದ. ಯಾರೂ ಇರಲಿಲ್ಲ.

"ಯಾರಿಗೆ ಹೇಳಿದೀಯಾ?"

"ಯಾರಿಗೂ ಇಲ್ಲ."

"ಮತ್ತೆ ಸುಮ್ನಿರು. ನಾಲಿಗೆ ಇಲ್ದಿದ್ರೂ ಕೆಲಸ ನಿಂತಿಲ್ಲ. ಮೂರು ನೀರು ಕೊಟ್ರೆ ಸಾಕು ಅಂತ ನಾನು ಕಂಡುಕೊಂಡಿದೀನಿ. ನಾಲ್ಕು ತಿಂಗಳಿಂದ ಒಂದು ಸಸಿ ಹಾಳಾಗಿದೆಯಾ? ತೋರ್ಸು, ಒಂದು ಸಸಿ." ಅವನ ದನಿಯಲ್ಲಿ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು. ಯಾರಿಗೂ ಹೇಳಲಾಗದೆ ಒಳಗೇ ಇಟ್ಟುಕೊಂಡಿದ್ದ ಹೆಮ್ಮೆಯನ್ನು ಹೊರಗೆ ಹಾಕಲು ಕಡೆಗೂ ಒಬ್ಬಳು ಸಿಕ್ಕಿದ್ದಳು. "ಇಷ್ಟು ವರ್ಷ ನೋಡಿ ನೋಡಿ ಅಂದಾಜು ಕೈಗೇ ಬಂದುಬಿಟ್ಟಿದೆ ಕಣೇ. ನಾಲಿಗೆಯ ಹಂಗೇ ಬೇಡ."

ಅವಳಿಗೆ ಇಲ್ಲೇ ನಿಲ್ಲಿಸಿಬಿಡೋಣವೆನಿಸಿತು. ಬೀಜದ ಮನೆಯ ಮೂಲೆಯಲ್ಲಿ ಮಾಡದ ತಪ್ಪನ್ನು ನೆನಪು ಮಾಡಿಕೊಳ್ಳುತ್ತ ಕೂತಿದ್ದ ಹುಡುಗಿ ಕಣ್ಣಮುಂದೆ ಬಂದಳು.

"ನೀವು ಹೋದ್ಮೇಲೆ ನಾನು ತೊಳೀತಿದ್ದೆ."

"ಏನು?"

"ಸಂಜೆ. ಗುಡಿಸಿ ಬರ್ತೀನಿ ಅಂತಿದ್ನಲ್ಲ, ಆಗ. ನೀವು ಮೂರು ಕೊಟ್ಟು ಹೋಗ್ತಿದ್ರಿ. ಅದರ ಮೇಲೆ ನಾನು ಎರಡು ಕೊಡ್ತಿದ್ದೆ. ಒಂದೊಂದು ಸಲ ಮೂರು. ಈ ಸಲ ಅಕ್ಕನ ಹತ್ರ ಹೋಗಿದ್ದೆ."

ಉಪ್ಪಣ್ಣ ಅವಳನ್ನೇ ನೋಡುತ್ತ ಕೂತ. ಸಿಟ್ಟು ಬರುತ್ತದೆ, ಚೊಂಬು ಎಸೆಯುತ್ತಾನೆ ಎಂದು ಅವಳು ಕಾದಳು. ಬಂದಿದ್ದರೆ ಒಳ್ಳೆಯದಿತ್ತು. ಅವನ ಮುಖದಿಂದ ಏನೋ ಒಂದು ಇಳಿದುಹೋಯಿತು, ಅಷ್ಟೇ. ನಾಲ್ಕು ತಿಂಗಳ ಹಿಂದೆ ಹಾಸಿಗೆಯಿಂದ ಎದ್ದವನ ಮುಖ ಮತ್ತೆ ಬಂದು ಕೂತಿತು.

"ಎಲ್ಲಾ ಸಲಾನೂ?" ಎಂದ.

"ಹೂಂ."

"ಒಂದು ಸಲಾನೂ ನನ್ನ ಮೂರು ಸಾಕಾಗಿರ್ಲಿಲ್ವಾ?"

ಒಂದೆರಡು ಸಲ ಸಾಕಾಗಿತ್ತು ಎಂದು ಹೇಳಬಹುದಿತ್ತು. ಅವಳು ತಲೆಯಾಡಿಸಿದಳು. ಸಾಕಾಗಿರಲಿಲ್ಲ.

ಅವನು ನೆಲ ನೋಡುತ್ತ ಹೇಳಿದ: "ಖುಷಿಯಾಗಿದ್ದೆ ಕಣೇ ನಾನು. ನಾಲಿಗೆ ಇದ್ದಾಗ ಇದ್ದದ್ದಕ್ಕಿಂತ ಖುಷಿಯಾಗಿದ್ದೆ."

"ಗೊತ್ತು. ಅದಕ್ಕೇ ಹೇಳ್ಲಿಲ್ಲ."

ಅವನು ಎದ್ದು, ಡಬ್ಬಿಯ ಮುಚ್ಚಳ ಹಾಕಿ, ಕಟ್ಟೆಯ ಮೇಲೆ ನೀಟಾಗಿಟ್ಟು, ಆಫೀಸಿನ ಕಡೆ ನಡೆದ. ಅವಳು ಹಿಂದೆಯೇ ಓಡಿದಳು. ಏನು ಹೇಳಬೇಕೆಂದು ಇಬ್ಬರೂ ಒಂದು ಮಾತೂ ಆಡಿಕೊಂಡಿರಲಿಲ್ಲ.

ಒಡತಿ ಫೋನಿನಲ್ಲಿದ್ದಳು. ಸಸಿಗಾಗಿ ಕಾಯುತ್ತಿದ್ದ ಬೆಳೆಗಾರರೊಬ್ಬರಿಗೆ ಸಮಾಧಾನ ಹೇಳುತ್ತಿದ್ದಳು. ಉಪ್ಪಣ್ಣ ಬಾಗಿಲಲ್ಲೇ ನಿಂತ. ಫೋನ್ ಇಟ್ಟ ಮೇಲೆ, "ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದಳು. ಅವನು ಒಳಗೂ ಹೋಗಲಿಲ್ಲ, ಕೂರಲೂ ಇಲ್ಲ.

"ಆ ಹುಡುಗಿ ತಪ್ಪೇನಿಲ್ಲ ಮೇಡಂ. ಪುಡಿಯಲ್ಲೇ ಉಪ್ಪಿತ್ತು. ನಂಗೆ ಬಾಯಿರುಚಿ ಹೋಗಿ ನಾಲ್ಕು ತಿಂಗಳಾಯ್ತು. ಮುಚ್ಚಿಟ್ಟಿದ್ದೆ."

ಒಡತಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಂಬಿಕೆ ಬರಲಿಲ್ಲ. "ನಾಲ್ಕು ತಿಂಗಳಾ? ಅಷ್ಟರಲ್ಲಿ ಹದಿನೈದು ತಂಡ ಸಸಿ ಹೋಗಿದೆ ಇಲ್ಲಿಂದ. ಒಂದೂ ಕೆಟ್ಟಿಲ್ಲ. ಅದು ಹೇಗೆ ಸಾಧ್ಯ?"

ಬೀಜದಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಹೇಳಿದ.

"ಅದೃಷ್ಟ ಮೇಡಂ."

ಹೇಳುವಾಗ ಅವನು ಅವಳ ಕಡೆ ತಿರುಗಲಿಲ್ಲ. ಅವಳನ್ನು ಉಳಿಸಲು ಹಾಗಂದನೋ, ಇಲ್ಲಾ ಅವಳು ತೊಳೆದದ್ದನ್ನು ಬಾಯಲ್ಲಿ ಒಪ್ಪಿಕೊಳ್ಳಲಾರದೆ ಅಂದನೋ ಅವಳಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಅವಳಿಗೆ ನೋವೇ. ನಾಲ್ಕು ತಿಂಗಳ ಆ ಸಂಜೆಗಳು ಒಂದು ಮಾತಿನಲ್ಲಿ ಗಾಳಿಗೆ ಹೋದವು. ಹೋಗಲಿ ಎಂದುಕೊಂಡಳು. ತೆರೆದ ಬಾಯಿ ಮುಚ್ಚಿದಳು.

ಒಡತಿ ಕೆಟ್ಟವಳಲ್ಲ. ಹುಡುಗಿಯನ್ನು ಕರೆಸಿ ಬೀಗದಕೈ ವಾಪಸು ಕೊಟ್ಟಳು. "ತಪ್ಪು ತಿಳ್ಕೊಂಡೆ" ಎಂದಳು. ಹುಡುಗಿ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದು, "ಹಾಗಾದ್ರೆ ನಾನು ಎರಡು ಸಲ ಹಾಕ್ಲಿಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಳತೊಡಗಿದಳು.

"ನಾಳೇನೇ ಹೊಸದಾಗಿ ಬೀಜ ಹಾಕ್ಬೇಕು, ಇಲ್ಲಾಂದ್ರೆ ಮುಖ ತೋರಿಸೋ ಹಾಗಿಲ್ಲ," ಎಂದಳು ಒಡತಿ. "ಮೀಟರ್ ತರಿಸ್ತೀನಿ, ಬರೋಕೆ ವಾರ ಆಗುತ್ತೆ. ಅಲ್ಲಿವರೆಗೆ..." ಸುತ್ತ ನೋಡಿದಳು. ಅವಳ ಕಣ್ಣು ಬೀಜದಕ್ಕನ ಮೇಲೆ ನಿಂತಿತು. "ನೀನೇ ನೋಡಮ್ಮ. ಉಪ್ಪಣ್ಣ ತೊಳೀಲಿ, ನೀನು ರುಚಿ ನೋಡಿ ಹೇಳು. ಏನು ಮಹಾ, ನಿನಗೂ ನಾಲಿಗೆ ಇದೆಯಲ್ಲ."

ಏನೂ ಅರಿಯದೆ ಆಡಿದ ಮಾತು. ಉಪ್ಪಣ್ಣ "ಆಗ್ಲಿ ಮೇಡಂ" ಎಂದು ತಲೆಯಾಡಿಸಿದ.

ಸಂಜೆ ನಾನೂರು ಟ್ರೇಗಳನ್ನು ಒಂದೊಂದಾಗಿ ಬೋರಲು ಹಾಕಿ ಕೊಡವಿದವನು ಅವನೇ. ಯಾರನ್ನೂ ಹತ್ತಿರ ಬಿಡಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತ, ಎದ್ದ. ಅವಳು ಎರಡು ಸಲ ಮಾತು ತೆಗೆದಳು. ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ ಎಂದಲ್ಲ, "ಹೂಂ" ಎಂದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಅವಳು ಹೋಗುವಷ್ಟರಲ್ಲಿ ಅವನು ಹೊಸ ಇಟ್ಟಿಗೆಗಳನ್ನು ಒಡೆದು ತೊಟ್ಟಿಗೆ ಹಾಕಿ ಎರಡು ನೀರು ಕೊಟ್ಟಾಗಿತ್ತು. ಪಂಚೆಯ ತುಂಡನ್ನು ತಲೆಗೆ ಸುತ್ತಿಕೊಂಡು, ತೋಳು ಮಡಿಚಿ, ಉದ್ದ ಕೋಲಿನಿಂದ ಪುಡಿಯನ್ನು ಅಡಿಮೇಲು ಮಾಡುತ್ತಿದ್ದ. ಕೆಲಸದಲ್ಲಿ ಒಂದು ಚೂರೂ ಕುಂದಿರಲಿಲ್ಲ. ಮೂರನೆಯ ನೀರು ಬಸಿದ ಮೇಲೆ ತೂಬಿನಿಂದ ದೂರ ಸರಿದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಬೀಜದ ಮನೆಯ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು. ಬೀಜದಕ್ಕ ಬಗ್ಗಿ ಬೆರಳು ಅದ್ದಿದಳು. ಕದ್ದು ಎಷ್ಟೋ ಸಲ ಮಾಡಿದ ಕೆಲಸವನ್ನು ಎಲ್ಲರೆದುರು ಮಾಡಿದ್ದು ಇದೇ ಮೊದಲು.

"ಇನ್ನೊಂದು ಬೇಕು," ಎಂದಳು.

ಅವನು ವಾಲ್ವ್ ತಿರುಗಿಸಿದ. ತುಂಬಿಸಿದ, ಕಲಕಿದ, ಬಸಿದ. ನಾಲ್ಕನೆಯದು. ಅವಳು ನೋಡಿದಳು. "ಇನ್ನೊಂದು." ಐದನೆಯದೂ ಬಸಿಯಿತು. ಹೆಂಗಸರು ಬೇಸತ್ತು ಒಳಗೆ ಹೋದರು. ತೂಬಿನಿಂದ ಬರುತ್ತಿದ್ದ ನೀರಿನ ಕೆಂಪು ತೆಳುವಾಗಿ, ಚಹಾದ ಬಣ್ಣ ಹೋಗಿ, ಬರೀ ನೀರಾಗಿತ್ತು. ಅವಳು ಬೆರಳು ನಾಲಿಗೆಗೆ ಇಟ್ಟಳು. ಸಂಶಯ ಬೇಡವೆಂದು ಬೊಗಸೆ ಹಿಡಿದು ಒಂದು ಗುಟುಕು ಕುಡಿದೇ ನೋಡಿದಳು.

"ಸಾಕು."

"ಸಾಕಾ?"

"ಸಾಕು ರೀ. ಉಪ್ಪು ಒಂದಿಷ್ಟೂ ಇಲ್ಲ."

ಅವನು ಅವಳ ಮುಖ ನೋಡಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಮಾತು ನಿಜವೋ ಅಲ್ಲವೋ ಎಂದು ಮುಖ ಓದಬೇಕಾದ ಪ್ರಸಂಗ ಅವನಿಗೆ ಬಂದಿರಲಿಲ್ಲ. ಈಗ ಓದಿದ. ಕಣ್ಣು, ತುಟಿ, ಮತ್ತೆ ಕಣ್ಣು. ಅವಳು ತಪ್ಪಿಸಿಕೊಳ್ಳದೆ ನಿಂತಳು. ನೋಡಿಕೊಳ್ಳಲಿ, ಎಷ್ಟು ಹೊತ್ತು ಬೇಕೋ ಅಷ್ಟು ನೋಡಿಕೊಳ್ಳಲಿ ಎಂದುಕೊಂಡಳು.

"ನಿಜ ಹೇಳ್ತಿದೀಯಾ?"

"ನಿಜ."

ಅವನು ತಲೆಯಾಡಿಸಿದ. ಒಪ್ಪಿದವನಂತೆಯೇ ಆಡಿಸಿದ. ಆಮೇಲೆ ಬಗ್ಗಿ ತೂಬಿಗೆ ಬಟ್ಟೆಯ ಉಂಡೆ ತುರುಕಿ, ಆರನೆಯ ನೀರಿಗೆ ವಾಲ್ವನ್ನು ಮತ್ತೆ ತಿರುಗಿಸಿದ. ಕೊಳವೆ ಗುಡುಗುಡು ಎಂದು ಕೆಮ್ಮಿ ನೀರು ಬಿಟ್ಟಿತು. ಬೀಜದಕ್ಕ ಬೇಡವೆನ್ನಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಕೋಲನ್ನು ತೆಗೆದುಕೊಂಡು ತೊಟ್ಟಿಯ ಆ ತುದಿಗೆ ಹೋಗಿ ನಿಂತಳು. ಇಬ್ಬರ ನಡುವೆ ಪುಡಿ ಮೆಲ್ಲಗೆ ಮೇಲೆದ್ದು ತೇಲತೊಡಗಿತು.